ವನ್ಯಜೀವಿ ಟ್ರಸ್ಟ್‌ನವರು ‘ಟ್ರಸ್ಟಿ ಆಗಿ’ ಅಂತಿದ್ದಾರೆ, ಒಪ್ಪಿಕೊಳ್ಳಲಾ?

ನಿವೃತ್ತ ಟೀಚರ್, ಪೊನ್ನಂಪೇಟೆ ಕಡೆ:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ, ಈಗ ನಿವೃತ್ತಿಯಾಗಿದೆ. ಮನೆ ಕಾಡಂಚಿನಲ್ಲಿ. ನಾಗರಹೊಳೆ ಕಡೆಯ ಆನೆ ಕಂದಕ ನಮ್ಮ ತೋಟದ ಹಿಂದೆಯೇ ಹೋಗುತ್ತದೆ. ಮಣ್ಣು ಕುಸಿದ ಜಾಗದಲ್ಲಿ ಆನೆಗಳು ಆರಾಮಾಗಿ ಇಳಿದು ಹತ್ತುತ್ತವೆ, ಅದು ಬೇರೆ ಕಥೆ.

ನಮ್ಮ ಕಡೆ ಒಂದು ಸಣ್ಣ ವನ್ಯಜೀವಿ ಟ್ರಸ್ಟ್ ಇದೆ. ಶಾಲೆ ಮಕ್ಕಳಿಗೆ ಕಾರ್ಯಕ್ರಮ, ಬೇಸಿಗೆಯಲ್ಲಿ ಬೆಂಕಿ ಕಾವಲಿಗೆ ಸಹಾಯ, ಆನೆ ಬಂದರೆ ಮೊಬೈಲಿಗೆ ಸುದ್ದಿ, ಹೀಗೆ. ಟ್ರಸ್ಟಿಗಳಲ್ಲಿ ಒಬ್ಬರು ತೀರಿಕೊಂಡರು. ಆ ಜಾಗಕ್ಕೆ ನನ್ನನ್ನು ಕೇಳಿದ್ದಾರೆ. "ವರ್ಷಕ್ಕೆ ನಾಲ್ಕು ಮೀಟಿಂಗ್ ಟೀಚರ್, ಬಂದು ಸೈನ್ ಹಾಕಿದರೆ ಸಾಕು" ಅಂದರು. ಆ ‘ಸೈನ್ ಹಾಕಿದರೆ ಸಾಕು’ ಅನ್ನುವುದೇ ನನಗೆ ಕಸಿವಿಸಿ.

ನಮ್ಮ ಮನೆಯವರು "ನಾಳೆ ಕೋರ್ಟು ಕಚೇರಿ ಅಂತ ಅಲೆಯಬೇಕಾಗುತ್ತದೆ, ಬೇಡ" ಅನ್ನುತ್ತಾರೆ. ಬೆಂಗಳೂರಲ್ಲಿರುವ ಮಗ "ಹೋಗಮ್ಮಾ, ಟೈಂ ಪಾಸ್ ಆಗುತ್ತೆ" ಅನ್ನುತ್ತಾನೆ. ಇನ್ನೊಂದು ವಿಷಯ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿಯ ಪಟ್ಟಿಯಲ್ಲಿ ಕೊಡಗಿನ 55 ಹಳ್ಳಿಗಳಿದ್ದವಲ್ಲ, ನಮ್ಮದೂ ಅದರಲ್ಲಿದೆ. ನಮ್ಮ ಮೈದುನ ವಿರೋಧದ ಮೆರವಣಿಗೆಯಲ್ಲಿ ಮುಂದೆ ನಿಂತವರು. ನಾನು ಹೋಗಿ ವನ್ಯಜೀವಿ ಟ್ರಸ್ಟಲ್ಲಿ ಕೂತರೆ ಮನೆಯ ಊಟದ ಟೇಬಲ್ ಏನಾಗಬಹುದು ನೀವೇ ಊಹಿಸಿ.

ಇಂಥ ಬೋರ್ಡುಗಳಲ್ಲಿ ಇದ್ದವರು ಯಾರಾದರೂ ಇದ್ದರೆ ನಿಜ ಹೇಳಿ.

ಸುಂಟಿಕೊಪ್ಪದ ಸೋಮಾರಿ:

ಟೀಚರೇ, ಒಪ್ಪಿಕೊಂಡ ಮಾರನೇ ದಿನದಿಂದ ನೆಂಟರ ಫೋನ್ ಶುರುವಾಗುತ್ತದೆ, ರೆಡಿಯಾಗಿರಿ. ನನ್ನ ಚಿಕ್ಕಪ್ಪ ಇಂಥದ್ದೇ ಒಂದರಲ್ಲಿದ್ದರು. ‘ಸಫಾರಿಗೆ ಸೀಟು ಹೇಳಿ’, ‘ಗೇಟಲ್ಲಿ ನಿಮ್ಮ ಹೆಸರು ಹೇಳಿದರೆ ಬಿಡ್ತಾರಾ’. ಬಿಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಒಳಗೆ ಹೋಗಲು ಪರ್ಮಿಟ್ ಬೇಕು, ಟ್ರಸ್ಟಿಗೂ ಅಷ್ಟೇ, ನನಗೂ ಅಷ್ಟೇ.

ಗೌರವ ವನ್ಯಜೀವಿ ಪರಿಪಾಲಕ ಅಂತ ಬೇರೆ ಹುದ್ದೆ ಇದೆ, ಅದಕ್ಕೆ ಸರ್ಕಾರವೇ ನೇಮಿಸುತ್ತದೆ. ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ರಾಜ್ಯ ವನ್ಯಜೀವಿ ಮಂಡಳಿ ಇನ್ನೊಂದು. ಊರಲ್ಲಿ ಇವನ್ನೆಲ್ಲ ಕಲಸಿ ನಿಮ್ಮನ್ನು ‘ಫಾರೆಸ್ಟ್ ಕಮಿಟಿ ಮೇಡಂ’ ಅನ್ನುತ್ತಾರೆ. ಆನೆ ಬಾಳೆ ತಿಂದರೆ ಪರಿಹಾರ ಯಾವಾಗ ಬರುತ್ತದೆ ಅಂತ ನಿಮ್ಮನ್ನೇ ಕೇಳುತ್ತಾರೆ.

ಹಳೇ ಬ್ಯಾಂಕಿನವನು, ಗೋಣಿಕೊಪ್ಪ:

ಮೇಡಂ, ನಾನು ಬ್ಯಾಂಕಿಂದ ನಿವೃತ್ತನಾದ ಮೇಲೆ ಇಂಥ ಒಂದು ಟ್ರಸ್ಟಿನಲ್ಲಿ ಖಜಾಂಚಿಯಾಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಅಲ್ಲಿರುವವರು ಇವತ್ತಿಗೂ ಸಂತೆಯಲ್ಲಿ ಸಿಗುತ್ತಾರೆ. ಒಪ್ಪಿಕೊಳ್ಳಿ ಅನ್ನುವವನೇ ನಾನು. ಆದರೆ ಸೈನ್ ಹಾಕಲು ಹೋಗಬೇಡಿ. ಸೈನ್ ಹಾಕುವುದಿಲ್ಲ ಅನ್ನಲು ಹೋಗಿ. ಬೋರ್ಡಿನಲ್ಲಿ ಅಂಥ ಒಬ್ಬರು ಇಲ್ಲದಿದ್ದರೆ ಎಷ್ಟು ಒಳ್ಳೆಯ ಸಂಸ್ಥೆಯೂ ಹಾಳಾಗುತ್ತದೆ.

ಮೊದಲು ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರು ಸುಮ್ನೆ ಹೆದರಿಸುತ್ತಿಲ್ಲ. ಟ್ರಸ್ಟ್ ಅನ್ನುವುದು ಕಂಪನಿಯ ಹಾಗೆ ಕಾನೂನಿನಲ್ಲಿ ಪ್ರತ್ಯೇಕ ವ್ಯಕ್ತಿ ಅಲ್ಲ. ಆಸ್ತಿ ಟ್ರಸ್ಟಿಗಳ ಕೈಯಲ್ಲಿರುತ್ತದೆ, ದಾವೆ ಬಂದರೆ ಟ್ರಸ್ಟಿಗಳ ಹೆಸರಿಗೇ ಬರುತ್ತದೆ. ಸಂಘವಾದರೆ ಲೆಕ್ಕ ಬೇರೆ. ಅದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಬರುತ್ತದೆ, ಕನಿಷ್ಠ ಏಳು ಜನ ಬೇಕು, ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ರಿಜಿಸ್ಟ್ರಾರಿಗೆ ಕೊಡಬೇಕು. ಲಾಭಕ್ಕಲ್ಲದೆ ಸೇವೆಗೆ ಅಂತ ಮಾಡುವ ಸೆಕ್ಷನ್ 8 ಕಂಪನಿ ಅಂತ ಇನ್ನೊಂದು ಬಗೆ ಇದೆ. ನಿಮ್ಮದು ಟ್ರಸ್ಟ್ ಅಂತ ಹೇಳಿದ್ದೀರಿ, ಹಾಗಾಗಿ ಟ್ರಸ್ಟ್ ಡೀಡ್, ಅಂದರೆ ಟ್ರಸ್ಟಿನ ಮೂಲ ಪತ್ರ, ಕೇಳಿ ತಂದು ಓದಿ. ಟ್ರಸ್ಟಿ ಎಷ್ಟು ವರ್ಷ ಇರಬೇಕು, ಬಿಡುವುದು ಹೇಗೆ, ಚೆಕ್ಕಿಗೆ ಯಾರ ಸಹಿ, ಇಷ್ಟು ಅದರಲ್ಲಿ ಇರಲೇಬೇಕು.

ಡೀಡ್ ಆದ ಮೇಲೆ ಮೀಟಿಂಗಿನ ನಿರ್ಣಯ ಬರೆಯುವ ನಡಾವಳಿ ಪುಸ್ತಕ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನಾನು ಹೇಳುತ್ತೇನೆ. ನಿರ್ಣಯ ಮುಗಿದ ಸಾಲಿಗೂ ಸಹಿಗಳಿಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ನೋಡಿ. ನಾನು ಸೇರಿದಾಗ ಆ ಪುಸ್ತಕ ನೋಡಿದೆ. ಕೆಲವು ಕಡೆ ಅರ್ಧ ಪುಟ ಖಾಲಿ, ಕೆಳಗೆ ಎಲ್ಲರ ಸಹಿ. ಒಂದು ಕಡೆ ಆ ಖಾಲಿ ಜಾಗದಲ್ಲಿ ಬೇರೆ ಇಂಕಿನಲ್ಲಿ ಎರಡು ಸಾಲು ಸೇರಿಸಿದ್ದರು, ಸೋಲಾರ್ ಬೇಲಿ ಸಾಮಾನು ಖರೀದಿಗೆ ಒಪ್ಪಿಗೆ ಅಂತ. ಕಾರ್ಯದರ್ಶಿಯನ್ನು ಕೇಳಿದರೆ "ಆವತ್ತು ಬರೆಯಲು ಮರೆತುಹೋಗಿತ್ತು ಸಾರ್".

ಸರಿ, ಮೂರು ಕೊಟೇಶನ್ ತೋರಿಸಿ ಅಂದೆ. ತೋರಿಸಿದರು. ಮೂರು ಅಂಗಡಿ, ಮೂರು ಲೆಟರ್‌ಹೆಡ್. ಆದರೆ ಮೂರರಲ್ಲೂ ‘ಎನರ್ಜೈಸರ್’ (ಬೇಲಿಗೆ ಕರೆಂಟ್ ಕೊಡುವ ಡಬ್ಬ) ಅನ್ನುವುದನ್ನು ಒಂದೇ ರೀತಿ ತಪ್ಪಾಗಿ ಟೈಪ್ ಮಾಡಿದ್ದರು. ಕಡಿಮೆ ರೇಟು ಕೊಟ್ಟಿದ್ದ ಅಂಗಡಿ ಒಬ್ಬ ಟ್ರಸ್ಟಿಯ ಭಾವನದು. ಇದೇನು ದೊಡ್ಡ ಹಗರಣ ಅಲ್ಲ, ಸಾಮಾನು ಚೆನ್ನಾಗಿಯೇ ಇತ್ತು. ಆದರೆ ಆದಾಯ ತೆರಿಗೆಯವರಿಗೆ ಅದು ಬೇಕಿಲ್ಲ. ಆಗಿನ 1961ರ ಕಾಯ್ದೆಯ 13ನೇ ಸೆಕ್ಷನ್ ಇದ್ದದ್ದೇ ಇದಕ್ಕೆ: ಟ್ರಸ್ಟಿಗೋ ಟ್ರಸ್ಟಿಯ ಹತ್ತಿರದ ನೆಂಟರಿಗೋ ಲಾಭ ಮಾಡಿಕೊಟ್ಟರೆ ತೆರಿಗೆ ವಿನಾಯಿತಿಗೇ ಕುತ್ತು. ಕೊಡಗಿನಲ್ಲಿ ನೆಂಟಸ್ತಿಕೆ ಇಲ್ಲದವರನ್ನು ಹುಡುಕುವುದು ಕಷ್ಟ ಅನ್ನುವುದು ನಿಜ. ಅದಕ್ಕೇ ಮೊದಲೇ ಬಾಯಿಬಿಟ್ಟು ಹೇಳಿ, ಆ ಚರ್ಚೆ ಆಗುವಾಗ ಎದ್ದು ಹೊರಗೆ ಹೋಗಬೇಕು. ನಾವು ಕೊನೆಗೆ ಹಾಗೇ ಮಾಡಿದೆವು. ಆ ಟ್ರಸ್ಟಿ ವರಾಂಡದಲ್ಲಿ ಕಾಫಿ ಕುಡಿಯುತ್ತಾ ಕೂತರು, ಒಳಗೆ ಬೇರೆ ಅಂಗಡಿಗೆ ಆರ್ಡರ್ ಹೋಯಿತು. ಈಗಲೂ ನನ್ನ ಜೊತೆ ಮಾತು ಕಡಿಮೆ.

ಇನ್ನು ಮಾರ್ಚ್ ತಿಂಗಳು. ಟ್ರಸ್ಟಿನ ಆದಾಯದಲ್ಲಿ 85 ಪರ್ಸೆಂಟ್ ಉದ್ದೇಶಕ್ಕೆ ಖರ್ಚಾಗಬೇಕು. ಆಗದಿದ್ದರೆ ಇಂಥ ಕೆಲಸಕ್ಕೆ ಎತ್ತಿಟ್ಟಿದ್ದೇವೆ ಅಂತ ಫಾರಂ ಹಾಕಿ ತಿಳಿಸಬೇಕು. ಫಾರಂ ಹಾಕುವ ಬದಲು ಮಾರ್ಚ್ ಕೊನೆಯಲ್ಲಿ ಏನಾದರೂ ಕೊಂಡುಬಿಡುವುದು ನಮ್ಮಲ್ಲಿ ರೂಢಿಯಾಗಿತ್ತು. ಒಂದು ಸಲ ಕ್ಯಾಮೆರಾ ಟ್ರ್ಯಾಪ್ ಕೊಂಡರು, ಪ್ರಾಣಿ ಎದುರು ಬಂದರೆ ತಾನೇ ಫೋಟೋ ತೆಗೆಯುವಂಥವು. ಕಾಡೊಳಗೆ ಇಡಲು ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನುವುದು ಕೊಂಡ ಮೇಲೆ ನೆನಪಾಯಿತು. ಡಬ್ಬ ಒಡೆಯದೆ ಬೀರುವಿನಲ್ಲಿ ಮಳೆಗಾಲ ಕಳೆದವು. ಅದೇ ದುಡ್ಡಿನಲ್ಲಿ ಬೇಲಿಯ ಕೆಳಗಿನ ಕಾಡು ಸವರಿಸಬಹುದಿತ್ತು. ನಮ್ಮ ಮಳೆಗೆ ಗಿಡ ಬೆಳೆದು ತಂತಿಗೆ ತಾಗಿದರೆ ಕರೆಂಟ್ ಮಣ್ಣಿಗೆ ಇಳಿದುಹೋಗುತ್ತದೆ, ಆನೆಗೆ ಶಾಕೂ ಇಲ್ಲ ಏನೂ ಇಲ್ಲ. ಬೇಲಿ ಹಾಕಿದ ದಿನ ಫೋಟೋಕ್ಕೆ ಎಲ್ಲ ಟ್ರಸ್ಟಿಗಳೂ ಬಂದಿದ್ದರು. ಸವರುವ ಕೂಲಿ ಯಾವ ಬಜೆಟ್ಟಿನಲ್ಲೂ ಇರಲಿಲ್ಲ. ನೀವು ಟೀಚರ್, ಮೀಟಿಂಗಿನಲ್ಲಿ ಕೇಳಬೇಕಾದ್ದು ಇದನ್ನೇ: ಮುಂದಿನ ವರ್ಷ ಇದನ್ನು ನೋಡಿಕೊಳ್ಳುವವರು ಯಾರು, ದುಡ್ಡು ಎಲ್ಲಿಂದ.

ವಿದೇಶದ ದೇಣಿಗೆ ಬರುತ್ತದಾ ಅಂತಲೂ ಕೇಳಿ. ಬರುವುದಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ಮೊದಲು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಗೇ ಬರಬೇಕು, ಆಡಳಿತ ಖರ್ಚು 20 ಪರ್ಸೆಂಟ್ ದಾಟುವಂತಿಲ್ಲ, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಬರುವುದಿಲ್ಲ ಅಂದರೆ ನಿಮ್ಮ ಅರ್ಧ ತಲೆನೋವು ಕಡಿಮೆ.

ಕೋರ್ಟಿನ ಭಯದ ಬಗ್ಗೆ ಇನ್ನೊಂದು ಮಾತು. ಹೆಸರು ಕೋರ್ಟಿಗೆ ಹೋಗುವುದು ಯಾವಾಗಲೂ ಕೆಟ್ಟದ್ದಲ್ಲ. ನಮ್ಮ ಜಿಲ್ಲೆಯವರೇ ಆದ ಕೆ.ಎಂ. ಚಿಣ್ಣಪ್ಪ ನಾಗರಹೊಳೆಯಲ್ಲಿ ರೇಂಜರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಕುದುರೆಮುಖದ ಗಣಿಗಾರಿಕೆ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿಯ ಮೇಲಿದ್ದದ್ದು ಅವರ ಹೆಸರು. 2002ರ ಆ ತೀರ್ಪಿಗೆ ಇವತ್ತಿಗೂ ಅವರ ಹೆಸರೇ. 2005ರ ಕೊನೆಗೆ ಅಲ್ಲಿ ಅದಿರು ತೆಗೆಯುವುದು ನಿಂತಿತು. 2024ರಲ್ಲಿ ಅವರು ತೀರಿಕೊಂಡಾಗ ನಮ್ಮ ಟ್ರಸ್ಟಿನವರೂ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದರು. ಬ್ಯಾನರ್ ಕಟ್ಟಿದವರಲ್ಲಿ ಒಂದು ಚಿಕ್ಕ ಆಕ್ಷೇಪಣೆ ಪತ್ರಕ್ಕೂ ಸಹಿ ಹಾಕಲು ಹಿಂದೇಟು ಹಾಕಿದವರು ಇದ್ದರು. ಕಾಡಂಚಿನಲ್ಲಿ ಒಂದು ರೆಸಾರ್ಟ್ ವಿಚಾರ, ಯಾರದು ಅಂತ ಕೇಳಬೇಡಿ.

ಮೈದುನರ ವಿಷಯ ನೀವೇ ಬಗೆಹರಿಸಿಕೊಳ್ಳಬೇಕು. ನನ್ನ ಕೈಲಾಗುವುದಲ್ಲ.

ಫೀಲ್ಡ್ ಹುಡುಗ, ಕುಟ್ಟ:

ಬ್ಯಾಂಕ್ ಸಾರ್ ಹೇಳಿದ್ದೆಲ್ಲ ಪುಸ್ತಕದ ಲೆಕ್ಕ. ನಾನು ಇಂಥ ಒಂದು ಸಂಸ್ಥೆಯಲ್ಲಿ ಫೀಲ್ಡ್ ಕೆಲಸ ಮಾಡಿದವನು. ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ, ನಾವು ಇರುವುದು ತೋಟದ ಕೆಲಸದವರ ಲೈನ್ ಮನೆಯಲ್ಲಿ. ಕೆಳಗಿನಿಂದ ನೋಡಿದರೆ ಬೋರ್ಡ್ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಬೋರ್ಡಿನಲ್ಲಿ ಇದ್ದವರು ಬೆಳೆಗಾರರು, ಒಬ್ಬ ಡಾಕ್ಟರ್, ಒಬ್ಬ ನಿವೃತ್ತ ಫಾರೆಸ್ಟ್ ಆಫೀಸರ್, ಬೆಂಗಳೂರಿನ ಇಬ್ಬರು. ಎಲ್ಲರೂ ಒಳ್ಳೆಯವರೇ. ಆದರೆ ಬೆಳಿಗ್ಗೆ ತೋಟಕ್ಕೆ ನಡೆದು ಹೋಗುವವರು ಒಬ್ಬರೂ ಇರಲಿಲ್ಲ. ಆನೆ ಎದುರಾಗುವುದು ಯಾರಿಗೆ? ಮಂಜಿನಲ್ಲಿ ಕೆಲಸಕ್ಕೆ ಹೊರಟ ಹೆಂಗಸರಿಗೆ, ಸಂಜೆ ಅಂಗಡಿಯಿಂದ ಬರುವ ಗಂಡಸರಿಗೆ. ನಮ್ಮ ಸಂಸ್ಥೆಯ ಆನೆ ಮೆಸೇಜ್ ಹೋಗುತ್ತಿದ್ದದ್ದು ಇಂಗ್ಲಿಷಿನಲ್ಲಿ, ತೋಟದ ಮಾಲೀಕರ ಫೋನಿಗೆ. ಮಾಲೀಕರು ಎದ್ದು ನೋಡಿ ರೈಟರಿಗೆ (ತೋಟದ ಗುಮಾಸ್ತರಿಗೆ) ಹೇಳಿ, ರೈಟರ್ ನಮಗೆ ಹೇಳುವಷ್ಟರಲ್ಲಿ ಅಮ್ಮ ತೋಟದ ಒಳಗೆ ಇರುತ್ತಿದ್ದರು.

ಇದನ್ನು ನಾನು ಮೇಲಿನವರಿಗೆ ಹೇಳಿದೆ. "ಬೋರ್ಡಿಗೆ ಇಡೋಣ" ಅಂದರು. ಇಟ್ಟರೋ ಬಿಟ್ಟರೋ, ಉತ್ತರ ಮಾತ್ರ ಬರಲಿಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು ಟೀ ತೋಟಗಳ ನಡುವೆ ಕೆಂಪು ದೀಪದ ಕಂಬ ಹಾಕಿದ್ದಾರೆ. ಆನೆ ಹತ್ತಿರ ಇದ್ದರೆ ಮೊಬೈಲಿಂದಲೇ ದೀಪ ಹಚ್ಚಬಹುದು. ಓದಲು ಬರದವರಿಗೂ ಅರ್ಥವಾಗುತ್ತದೆ. ಅವರೇನು ಅಮೆರಿಕದವರಲ್ಲ, ಇಲ್ಲೇ ಮೈಸೂರಿನ ಟ್ರಸ್ಟ್.

ಟೀಚರೇ, ನೀವು ಹೋದರೆ ಎರಡನೇ ಮೀಟಿಂಗಿಗಾದರೂ ಒಬ್ಬ ತೋಟದ ಕೆಲಸದವರನ್ನು, ಆದಿವಾಸಿ ಹಾಡಿಯಿಂದ ಒಬ್ಬರನ್ನು ಒಳಗೆ ಕೂರಿಸಿ. ಟೀ ಕೊಡುವುದಕ್ಕಲ್ಲ, ಕುರ್ಚಿಯಲ್ಲಿ. ಜೇನುಕುರುಬರ ಹಿರಿಯರೊಬ್ಬರನ್ನು ನಮ್ಮ ಸಂಸ್ಥೆಯವರು ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದಿಸಿ ಕಳಿಸಿದರು. ಆನೆ ಯಾವ ಕಡೆ ದಾಟುತ್ತದೆ ಅಂತ ಅವರನ್ನು ಯಾರೂ ಕೇಳಲಿಲ್ಲ. ಆಮೇಲೆ ಬೆಂಗಳೂರಿನಿಂದ ಮ್ಯಾಪ್ ಮಾಡಿಸಿದರು.

ಸಂಬಳದ ವಿಷಯವನ್ನೂ ಕೇಳಿ. ಗ್ರಾಂಟ್ ತಡವಾದರೆ ಮೊದಲು ನಿಲ್ಲುವುದು ನಮ್ಮದು.

ನಿವೃತ್ತ ಟೀಚರ್, ಪೊನ್ನಂಪೇಟೆ ಕಡೆ:

ಎಲ್ಲರಿಗೂ ಥ್ಯಾಂಕ್ಸ್. ಕುಟ್ಟದ ತಮ್ಮ ಬರೆದಿದ್ದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ಪೇಪರ್ ಮಡಚಿಟ್ಟು ಕೇಳಿದರು, ಅದೇ ದೊಡ್ಡ ವಿಷಯ.

ಡೀಡ್ ಕೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ, ಜೆರಾಕ್ಸ್ ಮಾಡಿಸಿ ಮನೆಗೇ ಕಳಿಸಿದರು. ನಡಾವಳಿ ಪುಸ್ತಕ ಆಫೀಸಿಗೆ ಬಂದು ನೋಡಿ ಅಂದಿದ್ದಾರೆ. ಡೀಡಿನಲ್ಲಿ ಟ್ರಸ್ಟಿಗಳು ‘ಜೀವಾವಧಿ’ ಅಂತಿದೆ. ಬಿಡುವುದು ಹೇಗೆ ಅಂತ ಒಂದು ಸಾಲೂ ಇಲ್ಲ. ಚೆಕ್ಕಿಗೆ ಮ್ಯಾನೇಜಿಂಗ್ ಟ್ರಸ್ಟಿ ಒಬ್ಬರ ಸಹಿ ಸಾಕು ಅಂತಿದೆ. ಇದು ಸರಿಯಾ?

ಮೈದುನರಿಗೂ ಹೇಳಿದೆ. "ಅತ್ತಿಗೆ, ಒಳಗೆ ನಮ್ಮವರು ಒಬ್ಬರು ಇದ್ದರೆ ಒಳ್ಳೆಯದೇ" ಅಂದರು. ಇದು ಇನ್ನೂ ಜಾಸ್ತಿ ಗಾಬರಿ.

ಹಳೇ ಬ್ಯಾಂಕಿನವನು, ಗೋಣಿಕೊಪ್ಪ:

ಡೀಡ್ ಮನೆಗೆ ಕಳಿಸಿದರು ಅಂದರೆ ಜನ ಪರವಾಗಿಲ್ಲ. ಮೈದುನರಿಗೆ ಈಗಲೇ ಹೇಳಿಬಿಡಿ, ಮೀಟಿಂಗಿನ ಮಾತು ಮನೆಗೆ ಬರುವುದಿಲ್ಲ, ಮನೆಯ ಮಾತು ಮೀಟಿಂಗಿಗೆ ಹೋಗುವುದಿಲ್ಲ ಅಂತ. ವರದಿಯ ವಿಷಯ ಬೋರ್ಡಿನಲ್ಲಿ ಬಂದರೆ ನಿಮ್ಮ ತೋಟ ಆ ಪಟ್ಟಿಯ ಹಳ್ಳಿಯಲ್ಲಿದೆ ಅಂತ ನೀವೇ ಮೊದಲು ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ.

ಒಂದೇ ಸಹಿ ಬೇಡವೇ ಬೇಡ. ಡೀಡಿನಲ್ಲಿ ಒಬ್ಬರ ಸಹಿ ಸಾಕು ಅಂತಿದ್ದರೂ, ಇಬ್ಬರು ಸಹಿ ಮಾಡಬೇಕು ಅಂತ ಬೋರ್ಡು ನಿರ್ಣಯ ಮಾಡಿ ಬ್ಯಾಂಕಿಗೆ ಪತ್ರ ಕೊಡಬಹುದು. ಶಾಖೆಯಲ್ಲಿ ನಿರ್ಣಯದ ಪ್ರತಿ ಮತ್ತು ಹೊಸಬರ ಕೆವೈಸಿ ಕೇಳುತ್ತಾರೆ, ಎಲ್ಲ ಟ್ರಸ್ಟಿಗಳ ಸಹಿಯೂ ಇದ್ದರೆ ಒಳ್ಳೆಯದು. ಎರಡನೇ ಸಹಿ ನಿಮ್ಮದೇ ಆಗಲಿ. ಖಾಲಿ ಚೆಕ್ಕಿಗೆ ಮಾತ್ರ ಹಾಕಬೇಡಿ, "ನಾಳೆ ಸಂಬಳ ಕೊಡಬೇಕು ಟೀಚರ್" ಅಂದರೂ ಹಾಕಬೇಡಿ.

ಜೀವಾವಧಿಯ ವಿಷಯ ಸ್ವಲ್ಪ ಗೋಜಲು. ಡೀಡಿನಲ್ಲಿ ತಿದ್ದುಪಡಿ ಮಾಡುವ ಅಧಿಕಾರ ಅಂತ ಒಂದು ಕಲಂ ಇದೆಯಾ ನೋಡಿ. ಇದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪೂರಕ ಡೀಡ್ ಮಾಡಿಸಿ, ಮೂರು ವರ್ಷದ ಅವಧಿ ಮತ್ತು ರಾಜೀನಾಮೆಯ ದಾರಿ ಎರಡನ್ನೂ ಸೇರಿಸಬಹುದು. ಇಲ್ಲದಿದ್ದರೆ ಕೋರ್ಟಿನ ತನಕ ಹೋಗಬೇಕಾಗಬಹುದು, ಅದಕ್ಕೆ ಟ್ರಸ್ಟ್ ಕೇಸು ನೋಡುವ ವಕೀಲರನ್ನೇ ಕೇಳಿ. ನೀವು ಸೇರುವುದಕ್ಕೆ ಮೊದಲೇ ಇದು ಆಗಲಿ. ಸೇರಿದ ಮೇಲೆ ಕೇಳಿದರೆ ‘ಮುಂದಿನ ಮೀಟಿಂಗಿಗೆ ಇಡೋಣ’ ಅನ್ನುತ್ತಾರೆ.

ಆ ತಿದ್ದುಪಡಿ ಕಲಂ ಸಿಕ್ಕಿದರೆ ಹೆಸರು ವಿಳಾಸ ಮುಚ್ಚಿ ಇಲ್ಲಿ ಹಾಕಿ, ಓದಿ ನೋಡುತ್ತೇನೆ. ಕುಟ್ಟದ ಹುಡುಗನ ಸಂಬಳ ಎಷ್ಟು ತಿಂಗಳದ್ದು ಬಾಕಿ ಇದೆ ಅಂತ ಅವನೂ ಬರೆಯಲಿ.