ಜೋಡಿಯಲ್ಲಿ ಒಂದು ಮೊಲ ತೀರಿಕೊಂಡಿದೆ. ಇನ್ನೊಂದನ್ನು ಈಗಲೇ ತರಬಹುದೇ?

ಪ್ರಶ್ನೆ (ಬಿಜೈ, ಮಂಗಳೂರು)

ನಮ್ಮ ಮನೆಯಲ್ಲಿ ಐದು ವರ್ಷಗಳಿಂದ ಎರಡು ಮೊಲಗಳಿದ್ದವು. ಏಪ್ರಿಲ್ ಕೊನೆಯ ವಾರ ನಾವೆಲ್ಲ ಉಡುಪಿಯಲ್ಲಿ ಮದುವೆಗೆ ಹೋಗಿದ್ದ ದಿನ ಮಧ್ಯಾಹ್ನವಿಡೀ ಕರೆಂಟ್ ಇರಲಿಲ್ಲ. ಸಂಜೆ ಮರಳಿದಾಗ, ತಗಡಿನ ಮಾಡಿನ ಹಿಂಜಗಲಿಯಲ್ಲಿದ್ದ ಗೂಡಿನೊಳಗೆ ಹೆಣ್ಣು ಮೊಲ ಮಗ್ಗುಲಾಗಿ ಬಿದ್ದು ಬಾಯಿ ತೆರೆದು ಉಸಿರಾಡುತ್ತಿತ್ತು. ವೈದ್ಯರಲ್ಲಿಗೆ ತಲುಪುವ ಮೊದಲೇ ಪ್ರಾಣ ಹೋಯಿತು. ಸಂತಾನಹರಣ ಚಿಕಿತ್ಸೆಯಾಗಿರುವ ಗಂಡು ಬದುಕಿದೆ. ಆದರೆ ಎರಡು ವಾರಗಳಿಂದ ಮೂಲೆ ಬಿಟ್ಟು ಏಳುತ್ತಿಲ್ಲ, ಹಾಕಿದ ಹುಲ್ಲಿನಲ್ಲಿ ಅರ್ಧ ಹಾಗೆಯೇ ಉಳಿಯುತ್ತದೆ. ಮಗಳು ಮರಿಯೊಂದನ್ನು ತರೋಣವೆನ್ನುತ್ತಾಳೆ. ಇಷ್ಟು ಬೇಗ ತಂದರೆ ಹೋದದ್ದನ್ನು ಮರೆತಂತಾಗುತ್ತದೆ ಎಂದು ನನ್ನ ತಾಯಿ ಬೇಸರಪಡುತ್ತಾರೆ. ನನಗೆ ಎರಡೂ ಮಾತು ಸರಿಯೆನಿಸುತ್ತದೆ. ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಮಣಿಪಾಲ)

ಹೊಸ ಮೊಲದ ವಿಚಾರಕ್ಕಿಂತ ಮೊದಲು ಉಳಿದಿರುವುದರ ಹಿಕ್ಕೆಯನ್ನು ನೋಡಿ. ಹಿಕ್ಕೆ ಸಣ್ಣದಾಗಿದ್ದರೆ ಅಥವಾ ಕಡಿಮೆಯಾಗಿದ್ದರೆ ಇಂದೇ ವೈದ್ಯರಿಗೆ ತೋರಿಸಿ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಅರ್ಧ ದಿನ ಏನನ್ನೂ ತಿನ್ನದಿದ್ದರೂ ಅದು ನಿಂತುಹೋಗಿ ಜೀವಕ್ಕೆ ಅಪಾಯವಾಗುತ್ತದೆ. ಜೊತೆಗಾರನನ್ನು ಕಳೆದುಕೊಂಡ ಮೊಲ ಹೀಗೆ ಮಂಕಾಗುವುದು ಉಂಟು, ಆದರೆ ಎಲ್ಲವನ್ನೂ ದುಃಖದ ಲೆಕ್ಕಕ್ಕೆ ಹಾಕಬೇಡಿ. ಅದರ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ದವಡೆ ಹಲ್ಲು ಮೊನೆಯಾಗಿ ನಾಲಗೆಗೆ ಚುಚ್ಚುತ್ತಿದ್ದರೂ ಹುಲ್ಲು ಉಳಿಯುತ್ತದೆ.

ಇದು ಚೆನ್ನಾಗಿ ತಿನ್ನತೊಡಗಿದ ಮೇಲೆ ಜೊತೆ ತರಲು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ನಿಮ್ಮ ತಾಯಿಯವರ ನೋವು ಮನುಷ್ಯರದು, ಅದಕ್ಕೆ ಬೇಕಾದಷ್ಟು ಸಮಯ ಕೊಡಿ. ಆದರೆ ಗೂಡಿನಲ್ಲಿ ಒಂಟಿಯಾಗಿ ಕುಳಿತಿರುವುದು ಗುಂಪಿನಲ್ಲಿ ಬಾಳುವ ಪ್ರಾಣಿ. ಮರಿಗಿಂತ ಸಂತಾನಹರಣ ಚಿಕಿತ್ಸೆಯಾದ ವಯಸ್ಕ ಹೆಣ್ಣು ಐದು ವರ್ಷದ ಗಂಡಿಗೆ ಹೆಚ್ಚು ಹೊಂದುತ್ತದೆ. ಚಿಕಿತ್ಸೆಯಾಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಸಾಕಲಾಗದೆ ಬಿಟ್ಟುಕೊಡುವವರು ನಮ್ಮ ಊರುಗಳಲ್ಲೇ ಇದ್ದಾರೆ, ವಿಚಾರಿಸಿ. ಗುಡ್ಡೆಯಲ್ಲಿ ಸಿಕ್ಕಿತೆಂದು ಯಾರಾದರೂ ಮರಿ ತಂದುಕೊಟ್ಟರೆ ಮಾತ್ರ ಸ್ವೀಕರಿಸಬೇಡಿ. ಅದು ಕಾಡುಮೊಲ, ಬೇರೆಯೇ ಜಾತಿ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವಂತಿಲ್ಲ.

ತಂದ ದಿನವೇ ಒಂದೇ ಗೂಡಿಗೆ ಬಿಡುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿ ಒಂದು ಮೊಲದ ಕಿವಿ ಹರಿದುಕೊಂಡದ್ದನ್ನು ನೋಡಿದ್ದೇನೆ. ಎರಡು ಗೂಡುಗಳನ್ನು ಒಂದು ಗೇಣು ಅಂತರದಲ್ಲಿಟ್ಟು, ಹಾಸುಗಳನ್ನು ದಿನವೂ ಅದಲುಬದಲು ಮಾಡಿ. ಅವು ಪರಸ್ಪರರ ಎದುರಿನಲ್ಲಿ ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ, ಎರಡಕ್ಕೂ ಪರಿಚಯವಿಲ್ಲದ ಜಾಗದಲ್ಲಿ, ಸ್ನಾನದ ಕೋಣೆಯಾದರೂ ಸರಿ, ಹತ್ತು ಹದಿನೈದು ನಿಮಿಷ ನಿಮ್ಮ ಕಣ್ಣೆದುರೇ ಬಿಡಿ. ಕೆಲವು ಜೋಡಿ ವಾರದಲ್ಲಿ ಕೂಡಿಕೊಳ್ಳುತ್ತವೆ, ಕೆಲವಕ್ಕೆ ತಿಂಗಳುಗಳು ಬೇಕು.

ಉತ್ತರ 2 (ಸುರತ್ಕಲ್)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಅವರು ಆ ತಗಡಿನ ಮಾಡಿನ ಬಗ್ಗೆ ಏನೂ ಹೇಳಲಿಲ್ಲ. ಅದೇ ಜಗಲಿಗೆ ಇನ್ನೊಂದು ಮೊಲವನ್ನು ತರುವುದಾದರೆ ದಯವಿಟ್ಟು ತರಬೇಡಿ. ಮೊಲಕ್ಕೆ ಬೆವರುವ ಶಕ್ತಿಯಿಲ್ಲ. ಮೈಯ ಬಿಸಿ ಹೊರಹೋಗುವುದು ಮುಖ್ಯವಾಗಿ ಕಿವಿಗಳ ಮೂಲಕ. ಉಷ್ಣಾಂಶ 30 ಡಿಗ್ರಿ ದಾಟುವ ನಮ್ಮ ಕರಾವಳಿಯ ಸೆಕೆಯಲ್ಲಿ, ಗಾಳಿಯಲ್ಲೇ ನೀರಿನಂಶ ತುಂಬಿರುವಾಗ ಆ ದಾರಿಯೂ ಸಾಲುವುದಿಲ್ಲ. ಗೂಡನ್ನು ಮನೆಯೊಳಗೆ ಕಾವಿ ನೆಲವಿರುವ ಕೋಣೆಗೆ ತನ್ನಿ. ಕರೆಂಟ್ ಹೋದರೆ ಬೇಕಾಗುತ್ತದೆಂದು ಎರಡು ಬಾಟಲಿ ನೀರನ್ನು ಗಟ್ಟಿಯಾಗಿಸಿ ಫ್ರಿಜ್ಜಿನಲ್ಲಿಡಿ. ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಮೊಲ ತಾನಾಗಿಯೇ ಬಂದು ಒರಗುತ್ತದೆ. ಬಾಯಿ ತೆರೆದು ಏದುಸಿರು ಬಿಡುವುದನ್ನು ಕಂಡರೆ ಕಿವಿಗಳನ್ನು ತಣ್ಣೀರಿನಲ್ಲಿ ಒದ್ದೆ ಮಾಡಿ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಬಾರದು. ಮಳೆಗಾಲದಲ್ಲಿ ಹಿಂಭಾಗವನ್ನು ದಿನವೂ ನೋಡಿ, ಅಲ್ಲಿ ಒದ್ದೆಯಿದ್ದರೆ ನೊಣ ಮೊಟ್ಟೆಯಿಟ್ಟು ಹುಳವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ವೈದ್ಯರು ನೋಡಿದರು: ಒಂದು ದವಡೆ ಹಲ್ಲು ನಿಜವಾಗಿಯೂ ಮೊನೆಯಾಗಿತ್ತು, ಅದನ್ನು ಸವರಿದ್ದಾರೆ. ಇಂದು ಬೆಳಿಗ್ಗೆ ಗರಿಕೆಯನ್ನು ಪೂರ್ತಿ ತಿಂದಿದೆ. ಗೂಡು ಒಳಗಿನ ಕೋಣೆಗೆ ಬಂದಿದೆ, ಜಾಗ ತೋರಿಸಿದವರು ನನ್ನ ತಾಯಿಯೇ. ಎರಡನೆಯ ಗೂಡಿಗೂ ಅಲ್ಲೇ ಸ್ಥಳವಿದೆ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು.