ಸಹಾಯ ಬೇಕು: ಒಂದೇ ಗೊಂಚಲಿನಲ್ಲಿ ಅರ್ಧ ಕಪ್ಪು, ಅರ್ಧ ಹಸಿರು

ನಮಸ್ಕಾರ. ಯಲಹಂಕದ ನಮ್ಮ ತಾರಸಿಯಲ್ಲಿ, ಇನ್ನೂರು ಲೀಟರ್ ಡ್ರಮ್ಮಿನಲ್ಲಿ ನಾಲ್ಕು ವರ್ಷದ ಬೆಂಗಳೂರು ನೀಲಿ ದ್ರಾಕ್ಷಿ ಬಳ್ಳಿಯಿದೆ. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮೂರಿನ ತಳಿ, ನಮ್ಮ ಮನೆಯಲ್ಲೇ ಮುನಿಸಿಕೊಂಡಿದೆ!

ಕಳೆದ ವರ್ಷದವರೆಗೆ ಹಣ್ಣಿನ ಪರಿಮಳ ಮೆಟ್ಟಿಲವರೆಗೂ ಬರುತ್ತಿತ್ತು. ಈಗ ಪಡುವಣಕ್ಕೆ ನಾಲ್ಕಂತಸ್ತಿನ ಕಟ್ಟಡ ಎದ್ದು, ಮಧ್ಯಾಹ್ನ ಎರಡಕ್ಕೇ ಚಪ್ಪರ ನೆರಳಾಗುತ್ತದೆ. ಒಂದೇ ಗೊಂಚಲಿನಲ್ಲಿ ಕೆಲವು ಕಾಯಿ ಕಪ್ಪು, ಕೆಲವು ಹಸಿರು. ಕಪ್ಪಾದದ್ದನ್ನು ಬಾಯಿಗಿಟ್ಟರೂ ಹುಣಸೆ ಹುಳಿ. ಬಿಸಿಲು ಕಡಿಮೆಯಾದರೆ ಸಕ್ಕರೆಯೂ ಬಣ್ಣವೂ ಕೂಡುವುದಿಲ್ಲ ಎಂಬುದು ಗೊತ್ತು. ಆದರೆ ಸೊಪ್ಪು ಅತಿಯಾಗಿ ಬೆಳೆದದ್ದೂ ಕಾರಣವೇ?

ಮಳೆ ಹಿಡಿದ ವಾರ ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ತುಪ್ಪಟ ಕಂಡಿತು. ಬೂಜು ತುಪ್ಪಟ ರೋಗವೆಂದುಕೊಂಡು ಶೇ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಸಿಂಪಡಿಸಿದೆ. ಹತೋಟಿಗೆ ಬಂದಿದೆ.

ಗೊಂಚಲಿನ ಸುತ್ತಲಿನ ಎಲೆಗಳನ್ನು ಎಷ್ಟು ತೆಗೆಯಬಹುದು? ಮುಂದಿನ ಸವರುವಿಕೆಯನ್ನು ಯಾವ ತಿಂಗಳಿಗಿಟ್ಟುಕೊಂಡರೆ ಹಣ್ಣು ಮಾಗುವಾಗ ಮಳೆ ತಪ್ಪೀತು? ಡ್ರಮ್ಮನ್ನು ಮೂಡಣ ಮೂಲೆಗೆ ಸರಿಸಬಹುದು, ಆದರೆ ಚಪ್ಪರ ಬಿಚ್ಚಬೇಕು. ಮನೆಯವರು ಈಗಾಗಲೇ ಗುರ್ ಎನ್ನುತ್ತಿದ್ದಾರೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ಬೆಳೆಗಾರರಿದ್ದರೆ ದಯವಿಟ್ಟು ತಿಳಿಸಿ.