ಅಪ್‌ಡೇಟ್: ಎಲ್ಕ್ ಬೇಟೆಗೆ ಯಾವ ಗುಂಡು?

ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ (ಒಂದು ಬಗೆಯ ದೊಡ್ಡ ಜಿಂಕೆ) ಬೇಟೆಗೆ ನನ್ನ ಥರ್ಟಿ-ಆಟ್-ಸಿಕ್ಸ್ (.30-06) ರೈಫಲ್‌ಗೆ 150 ಗ್ರೇನ್‌ನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಸಾದಾ ಗುಂಡು ಸಾಕೇ ಎಂದು ಇಲ್ಲಿ ಕೇಳಿದ್ದೆ. ‘ಅದು ಸಣ್ಣ ಜಿಂಕೆಗೆ ಸರಿ, ಎಲ್ಕ್‌ಗೆ ಬೇಡ’ ಎಂದು ಗದರಿದವರಿಗೆ ವಂದನೆ. 180 ಗ್ರೇನ್‌ನ ನೋಸ್ಲರ್ ಪಾರ್ಟಿಷನ್ ಕೊಂಡೆ; ಇದು ಒಳಗಿನ ಸೀಸವನ್ನು ಮುಂದೆ-ಹಿಂದೆ ಎಂದು ಬೇರ್ಪಡಿಸುವ ಅಡ್ಡಗೋಡೆಯಿರುವ ಗುಂಡು. ಬೆಲೆ ನೋಡಿ ಹೊಟ್ಟೆ ಉರಿಯಿತು, ಇರಲಿ.

ಸುಮಾರು 170 ಗಜ ದೂರ, ಪಕ್ಕೆಗೆ ಒಂದೇ ಗುಂಡು. ಪ್ರಾಣಿ ಮೂವತ್ತು ಹೆಜ್ಜೆಯೊಳಗೆ ಕುಸಿಯಿತು. ಚರ್ಮ ಸುಲಿಯುವಾಗ ಆಚೆ ಬದಿಯ ತೊಗಲಿನಡಿ ಗುಂಡು ಸಿಕ್ಕಿತು. ಮುಂಭಾಗದ ಸೀಸ ಬಹುತೇಕ ಉದುರಿ, ಹೊದಿಕೆ ಅಣಬೆಯಂತೆ ಮಡಚಿಕೊಂಡಿತ್ತು. ನಡುವಿನ ಅಡ್ಡಗೋಡೆಯ ಹಿಂದಿನ ಸೀಸ ಮಾತ್ರ ಹಾಗೆಯೇ ಇತ್ತು. ತೂಗಿದರೆ 121 ಗ್ರೇನ್. ಗುಂಡನ್ನು ಆಳಕ್ಕೆ ಇಳಿಸಿದ್ದು ಆ ಹಿಂಭಾಗವೇ.

ಮಾಂಸದಲ್ಲಿ ಸೀಸದ ಚೂರು ಬೇಡವೆಂದು ಹೆಂಡತಿಯ ತಕರಾರು. ಮುಂದಿನ ವರ್ಷ ಬಾರ್ನ್ಸ್ ಕಂಪನಿಯ ಪೂರ್ತಿ ತಾಮ್ರದ ಗುಂಡು ಪ್ರಯತ್ನಿಸುತ್ತೇನೆ.